ಯಾವ ಒಲೆಯ ಮನುಷ್ಯ

ಪುತ್ತೂರು ತಾಲೂಕಿನಲ್ಲಿ ಎಷ್ಟು ಸಂಸಾರಗಳಿವೆ ಎಂದು ಮೂರು ಇಲಾಖೆಗಳನ್ನು ಕೇಳಿದರೆ ಮೂರು ಉತ್ತರ ಬರುತ್ತಿತ್ತು. ಜನಗಣತಿಗೆ ಇನ್ನೊಂದೇ ವರ್ಷವಿದ್ದ ಆ ೧೯೮೦ರಲ್ಲಿ ಅಸಿಸ್ಟೆಂಟ್ ಕಮಿಷನರರ ತಾಳ್ಮೆ ಕೆಟ್ಟಿತು. "ಸಂಸಾರ ಎಂದರೇನು ಎಂದು ಎಲ್ಲರೂ ಕೂತು ಒಂದೇ ಮಾತಿನಲ್ಲಿ ಬರೆದು ಕೊಡಿ. ಇನ್ನು ಎಲ್ಲ ಇಲಾಖೆಗೂ ಅದೇ" ಎಂದರು. ಬರೆಯುವ ಕೆಲಸ ತಾಲೂಕು ಆಫೀಸಿನ ಗುಮಾಸ್ತ ಸರ್ವೋತ್ತಮ ರೈಯ ತಲೆಗೆ ಬಿತ್ತು. ಸಂಸಾರದ ವಿಷಯದಲ್ಲಿ ಅವನಷ್ಟು ಗೊಂದಲದಲ್ಲಿದ್ದವನು ಆ ಆಫೀಸಿನಲ್ಲಿ ಇನ್ನೊಬ್ಬನಿರಲಿಲ್ಲ. ಸರಕಾರ ಆರಿಸುವುದು ಯಾವಾಗಲೂ ಇಂಥವರನ್ನೇ.

ಅವನ ಮನೆಯ ಸಂಗತಿ ಹೀಗೆ. ಅವರದು ಅಳಿಯಕಟ್ಟು; ಗಂಡಸು ಅವನ ತಾಯಿಮನೆಗೆ ಸೇರಿದವನು, ಮಕ್ಕಳು ಅವರ ತಾಯಿಮನೆಗೆ. ಹಾಗಾಗಿ ಸರ್ವೋತ್ತಮನ ಹೆಸರು ಅಜ್ಜಾವರದಲ್ಲಿ ಅಕ್ಕ ಅಮ್ಮುವಿನ ರೇಶನ್ ಕಾರ್ಡಿನಲ್ಲಿತ್ತು. ಹೆಂಡತಿ ಮೋಹಿನಿಯೂ ಇಬ್ಬರು ಮಕ್ಕಳೂ ಕೋಡಿಂಬಾಳದಲ್ಲಿ ಅವಳ ತಾಯಿಯ ಕಾರ್ಡಿನಲ್ಲಿದ್ದರು. ಅವನು ಮಲಗುವುದು ಪುತ್ತೂರಿನ ಒಂದು ಬಾಡಿಗೆ ಕೋಣೆಯಲ್ಲಿ, ಉಣ್ಣುವುದು ಅದರ ಕೆಳಗಿದ್ದ ಯಜ್ಞೇಶ್ವರ ಭಟ್ಟರ ಹೋಟೆಲಿನಲ್ಲಿ. ಪುತ್ತೂರಲ್ಲೇ ಒಂದು ಮನೆ ಮಾಡುವ ಎಂದು ಮೋಹಿನಿ ಮದುವೆಯಾದಂದಿನಿಂದ ಹೇಳುತ್ತಿದ್ದಳು. ನೋಡುವ ಎಂದು ಇವನೂ ಅಂದಿನಿಂದಲೇ ಹೇಳುತ್ತಿದ್ದ. ಅಕ್ಕ ಬೇಸರ ಮಾಡಿಕೊಂಡಾಳು ಎಂಬ ಹೆದರಿಕೆ ಅವನಿಗೆ.

ಸಭೆಯಲ್ಲಿ ಆರೋಗ್ಯ ಇಲಾಖೆಯ ಸತ್ಯವತಿ ಮೊದಲು ಬಾಯಿ ತೆರೆದರು. "ಗಂಡ, ಹೆಂಡತಿ, ಮಕ್ಕಳು. ಅಷ್ಟೇ ಸಂಸಾರ."

"ಅದು ನಿಮ್ಮ ಕುಟುಂಬ ಯೋಜನೆಯ ಗೋಡೆಚಿತ್ರದಲ್ಲಿ ಮಾರಾಯ್ರೆ," ಎಂದ ರೇಶನ್ ವಿಭಾಗದ ತ್ಯಾಂಪಣ್ಣ. "ನನ್ನಲ್ಲಿ ಸಕ್ಕರೆಗೆ ಬರುವಾಗ ಮಾವ, ಅಳಿಯ, ದೊಡ್ಡಮ್ಮ ಎಲ್ಲ ಉಂಟು."

"ಜಾಗ ಯಾರ ಹೆಸರಲ್ಲಿ ಉಂಟೋ ಅವರದ್ದು ಸಂಸಾರ," ಎಂದ ಕಂದಾಯದ ಶೀನಪ್ಪ.

"ಜಾಗ ಇಲ್ಲದವರಿಗೆ ಸಂಸಾರವೇ ಇಲ್ವಾ?" ಎಂದರು ಸತ್ಯವತಿ.

ಚಹಾ ಎರಡು ಸಲ ಬಂತು, ಉತ್ತರ ಮಾತ್ರ ಬರಲಿಲ್ಲ. ಕೊನೆಗೆ ಸರ್ವೋತ್ತಮನೇ ಬರೆದ: ಒಂದು ಒಲೆಯಲ್ಲಿ ಬೆಂದದ್ದನ್ನು ದಿನವೂ ಉಣ್ಣುವವರು ಒಂದು ಸಂಸಾರ, ಒಬ್ಬರ ಹೆಸರು ಒಂದೇ ಕಡೆ ಇರತಕ್ಕದ್ದು. ಎಲ್ಲರೂ ತಲೆ ಆಡಿಸಿದರು. ಸಾಹೇಬರಿಗೂ ಮೆಚ್ಚುಗೆಯಾಯಿತು. "ಮೊದಲು ನಿಮ್ಮ ನಿಮ್ಮ ಸಂಸಾರವನ್ನೇ ಬರೆದು ಸೋಮವಾರ ತನ್ನಿ" ಎಂದರು. ಅಲ್ಲಿಗೆ ಸರ್ವೋತ್ತಮನ ಮುಖ ಬಾಡಿತು. ತಾನು ತೋಡಿದ ಹೊಂಡಕ್ಕೆ ತಾನೇ ಬಿದ್ದಿದ್ದ.

ಶನಿವಾರ ಕೋಡಿಂಬಾಳಕ್ಕೆ ಹೋದ. ಸುದ್ದಿ ಕೇಳಿ ಮೋಹಿನಿ ನೇರವಾಗಿ ಕೇಳಿದಳು. "ನಿಮ್ಮ ಹೆಸರು ಎಲ್ಲಿ ಬರೆಯುದು?"

"ನೋಡುವ."

"ನೋಡಿದ್ದು ಸಾಕು. ಸೋಮವಾರ ನೀವು ಎಂತ ಬರೀತೀರೋ ಅದನ್ನು ತಿಳಿದು ನಾನೂ ಒಂದು ತೀರ್ಮಾನ ಮಾಡ್ತೇನೆ."

ಭಾನುವಾರ ಅಜ್ಜಾವರಕ್ಕೆ ಹೋದರೆ ಅಕ್ಕ ಕಣ್ಣಲ್ಲಿ ನೀರು ತಂದುಕೊಂಡಳು. "ನೀನು ಇಲ್ಲಿ ಹುಟ್ಟಿದವ. ನಿನ್ನ ಹೆಸರು ತೆಗೀಬೇಕಾದ್ರೆ ನಾನು ಸಾಯ್ಬೇಕು" ಎಂದು ಬಾಳೆಲೆ ಹಾಕಿದಳು. ಅವನು ಎರಡು ಕಡೆಯೂ ಹೊಟ್ಟೆ ತುಂಬ ಉಂಡ. ಉಣ್ಣುತ್ತಿದ್ದಾಗ ತಾನು ಆ ಮನೆಯವನೇ ಅನಿಸುತ್ತಿತ್ತು. ಕೈ ತೊಳೆದ ಮೇಲೆ ಎಲ್ಲಿಯವನೆಂದು ಗೊತ್ತಾಗುತ್ತಿರಲಿಲ್ಲ.

ಸೋಮವಾರ ಎಲ್ಲರೂ ಬರೆದು ತಂದರು. ಇವನ ಹಾಳೆ ಮಾತ್ರ ಖಾಲಿ.

"ದಿನವೂ ಉಣ್ಣುದು ಎಲ್ಲಿ ನೀವು?" ಎಂದು ಸತ್ಯವತಿ ಕೇಳಿದರು.

"ಭಟ್ಟರ ಹೋಟೆಲಲ್ಲಿ."

"ಹಾಗಾದ್ರೆ ನಿಮ್ಮ ನಿಯಮದ ಪ್ರಕಾರ ನೀವು ಭಟ್ಟರ ಸಂಸಾರ!"

"ಸಂಬಂಧ ಎಂತ ಬರೆಯುದು? ಗಿರಾಕಿ?" ಎಂದ ತ್ಯಾಂಪಣ್ಣ. ಎಲ್ಲರೂ ನಕ್ಕರು. ಸರ್ವೋತ್ತಮ ನಗಲಿಲ್ಲ. ಹಾವೂ ಸಾಯದ, ಕೋಲೂ ಮುರಿಯದ ದಾರಿ ಅವನಿಗೆ ಹೊಳೆದದ್ದು ಆಗ. ಯಜ್ಞೇಶ್ವರ ಭಟ್ಟರ ಹೆಸರಿನ ಕೆಳಗೆ ತನ್ನ ಹೆಸರು ಬರೆದೇ ಬಿಟ್ಟ. ಇಂಥ ಹೇಡಿತನಕ್ಕೆ ಆಫೀಸಿನಲ್ಲಿ ಜಾಣತನ ಎಂದು ಹೆಸರು. ಸಾಹೇಬರು ರುಜು ಹಾಕಿದರು.

ತಮಾಷೆಯ ಸುದ್ದಿಗೆ ಬಸ್ಸಿನ ಟಿಕೆಟ್ ಬೇಡ. ಅದು ಮರುದಿನವೇ ಕೋಡಿಂಬಾಳ ತಲುಪಿತು. ಬುಧವಾರ ಸಂಜೆ ಅವನು ಆಫೀಸಿನಿಂದ ಬರುವಾಗ ಭಟ್ಟರು ಹೋಟೆಲಿನ ಬಾಗಿಲಲ್ಲೇ ತಡೆದರು.

"ಮೇಲೆ ನಿಮ್ಮವರು ಬಂದಿದ್ದಾರೆ. ಊಟಕ್ಕೆ ಕರೆದೆ, ಬೇಡ ಅಂದ್ರು."

ಕೋಣೆಯಲ್ಲಿ ಸೀಮೆಎಣ್ಣೆ ಸ್ಟವ್ ಉರಿಯುತ್ತಿತ್ತು. ಅದರ ಮೇಲೆ ಅನ್ನ ಕುದಿಯುತ್ತಿತ್ತು. ಮಕ್ಕಳಿಬ್ಬರೂ ಅವನ ಚಾಪೆಯ ಮೇಲೆ ಕೂತಿದ್ದರು.

"ನನ್ನ ಹೆಸರು, ಮಕ್ಕಳ ಹೆಸರು ಅಮ್ಮನ ಕಾರ್ಡಿನಿಂದ ತೆಗೆಯಲಿಕ್ಕೆ ಬರೆದು ಕೊಟ್ಟು ಬಂದೆ," ಎಂದಳು ಮೋಹಿನಿ.

ಅವರಲ್ಲಿ ಹೆಂಗಸಿನ ಹೆಸರು ತಾಯಿಮನೆಯಿಂದ ಹೋಗುವುದು ಅವಳು ಸತ್ತರೆ ಮಾತ್ರ.

"ಅಮ್ಮ ಎಂತ ಹೇಳಿದರು?"

"ಎಂತದೂ ಹೇಳ್ಲಿಲ್ಲ. ನಾವು ಹೊರಟಾಗ ಅಂಗಳಕ್ಕೂ ಬರ್ಲಿಲ್ಲ." ಅಷ್ಟು ಹೊತ್ತು ಗಟ್ಟಿಯಾಗಿದ್ದ ಅವಳ ಸ್ವರ ಅಲ್ಲಿ ಒಡೆಯಿತು.

ತನ್ನದೊಂದು ಹೆಸರನ್ನು ಇಷ್ಟು ವರ್ಷ ಅಲುಗಾಡಿಸಲಾಗದವನ ಮುಂದೆ ಅವಳು ಮೂರು ಹೆಸರು ಕಿತ್ತುಕೊಂಡು ಬಂದು ಕೂತಿದ್ದಳು. ಅವನಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಸಾಹೇಬರ ರುಜು ಬಿದ್ದ ಕಾಗದವನ್ನು ಹೇಗೆ ತಿದ್ದುವುದು? ಒಂದೇ ಕೋಣೆಯಲ್ಲಿ ನಾಲ್ಕು ಜನ ಹೇಗೆ ಇರುವುದು?

"ಅಕ್ಕನಿಗೆ ಎಂತ ಹೇಳುದು ಮೋಹಿನಿ?"

"ನೋಡುವ," ಎಂದಳು ಮೋಹಿನಿ. "ಈಗ ಕೂತ್ಕೊಳ್ಳಿ, ಅನ್ನ ಆಯ್ತು."