ನನ್ನ ಅಳತೆಯ ಗುಂಡಿ

"ಇಷ್ಟು ಸ್ಕೋರ್ ಬಂದ ನೂರು ಜನದಲ್ಲಿ ಎಂಬತ್ತೈದು ಜನ ಉಳಿಯಲ್ಲ," ಎಂದು ಡಾಕ್ಟರು ನನ್ನ ಕಾಲ ಬಳಿ ನಿಂತು ನಮ್ಮ ಭಾವನಿಗೆ ಹೇಳಿದರು.

ಉಳಿಯುವ ಹದಿನೈದು ಜನ ಯಾರು ಎಂದು ಯಾರಾದರೂ ಕೇಳಬೇಕಲ್ಲವೇ? ಭಾವ ಕೇಳಲಿಲ್ಲ. ನನ್ನ ಗಂಡ ನಂಜೇಶ್ ಸೊರ್ರೆಂದು ಮೂಗು ಎಳೆದುಕೊಂಡರು. ನಾನೇ ಕೇಳೋಣವೆಂದರೆ ಗಂಟಲಲ್ಲಿ ಪೈಪು ಇತ್ತು.

ಇದು 2004ರ ಮಾತು. ಹೆಮ್ಮರಗಾಲದ ನಮ್ಮ ಹಿತ್ತಲಲ್ಲಿ ಹಸುವಿಗೆಂದು ಮೆದೆಯಿಂದ ಹುಲ್ಲು ಹಿರಿಯುವಾಗ ನಾಗರಹಾವು ಕೈಗೆ ಕಚ್ಚಿತು. ನಂಜನಗೂಡಿನ ನರ್ಸಿಂಗ್ ಹೋಮ್ ಸೇರುವಷ್ಟರಲ್ಲಿ ರೆಪ್ಪೆ ಮುಚ್ಚಿಹೋಗಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಆಮೇಲೆ ಉಸಿರೂ ನಿಂತಿತು. ವಿಷಕ್ಕೆ ಇಂಜೆಕ್ಷನ್ ಕೊಟ್ಟು ಉಸಿರಾಟದ ಮೆಷೀನಿಗೆ ಹಾಕಿದರು. ಅಷ್ಟರಮಟ್ಟಿಗೆ ಅವರಿಗೆ ಕೈ ಮುಗಿಯುತ್ತೇನೆ. ಆದರೆ ನನ್ನ ಕಿವಿ ಚೆನ್ನಾಗಿಯೇ ಇತ್ತು. ಅದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ.

ಡಾಕ್ಟರ ಕೈಯಲ್ಲಿ ಸ್ಕೋರ್ ಹಾಕುವ ಒಂದು ಅಚ್ಚಿನ ಹಾಳೆ ಇತ್ತಂತೆ. ಕಣ್ಣು ಬಿಡುತ್ತಾಳಾ? ಇಲ್ಲ. ಮಾತಾಡುತ್ತಾಳಾ? ಇಲ್ಲ. ಚುಚ್ಚಿದರೆ ಕೈ ಎಳೆದುಕೊಳ್ಳುತ್ತಾಳಾ? ಇಲ್ಲ. ಚುಚ್ಚಿದ್ದು ಚುರ್ ಎಂದಿತು ಸ್ವಾಮಿ, ಎಳೆದುಕೊಳ್ಳಲು ಕೈ ಏಳಲಿಲ್ಲ ಅಷ್ಟೆ! ವಿಷಕ್ಕೆ ಮೈ ಸೋತದ್ದನ್ನು ಅವರು ಮಿದುಳು ಹೋಯಿತೆಂದು ಬರೆದುಕೊಂಡರು. ನನ್ನ ಆಯುಸ್ಸನ್ನು ಕೂಡಿ ಕಳೆದು ಹೇಳಿದ್ದು ಆ ಹಾಳೆ ನೋಡಿ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಕಾಲು ಮಡಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿಯೇ ಮಾಡುವುದು. ನಮ್ಮ ಮಾವ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ವ್ಯಾನು ಊರು ಮುಟ್ಟುವಷ್ಟರಲ್ಲಿ ಮೈ ಸೆಟೆದು, ಕಾಲು ಮಡಿಸಲಾಗದೆ, ಊರವರೆದುರು ಒದ್ದಾಡಿದ್ದೆವು. ಆ ಅವಮಾನ ಭಾವ ಪುಟ್ಟಬಸವಯ್ಯನವರನ್ನು ಹತ್ತು ವರ್ಷದಿಂದ ಕೊರೆಯುತ್ತಿತ್ತು. ಅದನ್ನು ನನ್ನ ಮೇಲೆ ತೀರಿಸಿಕೊಳ್ಳಲು ಹೊರಟರು.

"ಉಸ್ರಿರುವಾಗ್ಲೇ ಮನೆಗೆ ಸಾಗ್ಸುಬುಡವ ಕಣ್ಲಾ," ಎಂದರು ತಮ್ಮನಿಗೆ. "ಅಪ್ಪಂಗಾದ ಗತಿ ಇವ್ಳಿಗೂ ಬ್ಯಾಡ. ಗುಂಡಿ ತೆಗ್ಸಕ್ಕೆ ಫೋನ್ ಮಾಡ್ತೀನಿ. ಕೂತ್ರೆ ಎಷ್ಟೆತ್ರ ಬತ್ತಳೆ?"

ನಂಜೇಶ್ ಸ್ವಲ್ಪ ಯೋಚಿಸಿದರು. "ನನ್ ಸೊಂಟದ್ ಮಟ್ಟ ಬತ್ತಳೆ ಅಣ್ಣಾ," ಎಂದರು.

ಹನ್ನೆರಡು ವರ್ಷದ ಸಂಸಾರದಲ್ಲಿ ನನ್ನ ಬಳೆ ಅಳತೆಯನ್ನು ಒಮ್ಮೆಯೂ ನೆನಪಿಟ್ಟುಕೊಳ್ಳದ ಮನುಷ್ಯ! ಮೈಯೆಲ್ಲ ಉರಿದುಹೋಯಿತು. ಎದ್ದು ಕೂತು ಬೈಯಬೇಕೆನಿಸಿತು. ರೆಪ್ಪೆ ಕೂಡ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ವ್ಯಾನು ಬಾಗಿಲಲ್ಲಿ ನಿಂತಿತ್ತು. ನಂಜೇಶ್ ಸಹಿ ಹಾಕಿದರೆ ಪೈಪು ತೆಗೆಯುತ್ತಾರೆ, ದಾರಿಯಲ್ಲಿ ದೇವೀರಮ್ಮನಹಳ್ಳಿ ದಾಟುವುದರೊಳಗೆ ನಾನು ಸಾಯುತ್ತೇನೆ. ಆಗ ಗೋವಿಂದಮ್ಮ ನನ್ನ ಮುಖ ಒರೆಸುತ್ತಿದ್ದರು. ಅವರು ತಿ. ನರಸೀಪುರದ ನರ್ಸ್. ಎರಡು ದಿನದಿಂದ "ಬಾಯ್ ತೊಳಿತೀನಿ ಕಣವ್ವ, ತಡ್ಕೊ," ಎಂದು ನನ್ನೊಡನೆ ಮಾತಾಡಿದ್ದು ಅವರೊಬ್ಬರೇ.

"ಸಾ, ಇವ್ರು ಅಳ್ತಾವ್ರೆ," ಎಂದರು.

"ನೀರು ತಾನಾಗೇ ಬರುತ್ತಮ್ಮ," ಎಂದರು ಡಾಕ್ಟರು.

ಗೋವಿಂದಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದರು. "ರುದ್ರಾಣವ್ವ, ಕೇಳುಸ್ತಾ ಇದ್ರೆ ಕಾಲಿನ್ ಹೆಬ್ಬೆಟ್ಟು ಅಲ್ಲಾಡ್ಸು."

ಶಿವನ ನೆನಪು ಬರಲಿಲ್ಲ. ಬಂದದ್ದು 'ಸೊಂಟದ್ ಮಟ್ಟ' ಎಂಬ ಮಾತು. ಇದ್ದ ಸಿಟ್ಟನ್ನೆಲ್ಲ ಹೆಬ್ಬೆಟ್ಟಿಗೆ ದೂಡಿದೆ.

"ಅಲ್ಲಾಡ್ತು ಸಾ!"

"ಸುಮ್ನೆ ಅದುರಿರುತ್ತೆ."

"ತಡೀರಿ, ಅವ್ರನ್ನೇ ಕೇಳ್ತೀನಿ," ಎಂದರು ಗೋವಿಂದಮ್ಮ, ದನಿ ಏರಿಸಿ. "ಹೂಂ ಅಂದ್ರೆ ಒಂದ್ಸಲ, ಊಹೂಂ ಅಂದ್ರೆ ಎರಡ್ಸಲ. ಇವ್ರು ಮನೆಗೆ ಕರ್ಕೊಂಡೋಗ್ಲಾ ಅವ್ವಾ?"

ಒಂದು ಸಲ ಅಲ್ಲಾಡಿತು. ಅಷ್ಟಕ್ಕೇ ಬಲ ಉಡುಗಿತು. ಅಲ್ಲಿಗೇ ನಿಂತರೆ ನಾನೇ ಒಪ್ಪಿದಂತೆ! ಭಾವ ಉಸಿರು ಬಿಟ್ಟದ್ದು ಕೇಳಿಸಿತು. "ನೋಡಿ, ಅವ್ಳೇ ಹೂಂ ಅಂದ್ಲು," ಎಂದರು. ಆ ಮಾತು ಮುಗಿಯುವ ಮೊದಲೇ ಎರಡನೆಯ ಸಲ ಅಲ್ಲಾಡಿಸಿದೆ.

ಡಾಕ್ಟರು ಆ ಅಚ್ಚಿನ ಹಾಳೆ ಹರಿದ ಸದ್ದು ಕೇಳಿಸಿತು.

ನಾಲ್ಕನೆಯ ದಿನ ಪೈಪು ತೆಗೆದರು. ಹತ್ತನೆಯ ದಿನ ಊರಿಗೆ ಬಂದೆ. ಹೊಲದಲ್ಲಿ ಗುಂಡಿ ಹಾಗೇ ಇತ್ತು. ಮಣ್ಣಿಗೆಂದು ತೆಗೆದ ಗುಂಡಿಯನ್ನು ಬರಿದೇ ಮುಚ್ಚಬಾರದು, ಏನನ್ನಾದರೂ ಒಳಗಿಡಬೇಕು ಎನ್ನುತ್ತಾರೆ ನಮ್ಮ ಕಡೆ. ಭಾವ ಒಂದು ಬಾಳೆ ದಿಂಡಿಗೆ ವಿಭೂತಿ ಬಳಿದು ತಂದಿದ್ದರು.

"ಮುಟ್ಕೊಡವ್ವ, ಇಳ್ಸುಬುಡ್ತೀನಿ," ಎಂದರು. ನನ್ನ ಮುಖ ನೋಡಲಿಲ್ಲ.

"ಇರಿ ಭಾವ. ರೀ, ನೀವು ಇಳೀರಿ. ಅಳತೆ ಸರಿಯಾಗ್ ಅದಾ ನೋಡ್ಬೇಕು."

ನಂಜೇಶ್ ಅಣ್ಣನ ಮುಖ ನೋಡಿದರು. ಅಣ್ಣ ನೆಲ ನೋಡಿದರು. ಗಂಡ ಇಳಿದರು.

"ಕೂತ್ಕಳಿ. ಕಾಲ್ ಮಡ್ಸಿ. ಕಣ್ ಮುಚ್ಕಳಿ."

ಒಂದು ಹಿಡಿ ಮಣ್ಣು ತೆಗೆದುಕೊಂಡು ಅವರ ತೊಡೆಯ ಮೇಲೆ ಹಾಕಿದೆ.

"ಮಣ್ಣು ಮುಚ್ಚುಬುಡ್ಲಾ?" ಎಂದೆ. "ಮಾತಾಡ್ಬ್ಯಾಡಿ. ಹೆಬ್ಬೆಟ್ಟು ಅಲ್ಲಾಡ್ಸಿ."

ಅವರು ಅಳುತ್ತ ಎರಡೂ ಹೆಬ್ಬೆಟ್ಟುಗಳನ್ನು ಒಂದೇ ಸಮ ಅಲ್ಲಾಡಿಸತೊಡಗಿದರು.

"ಒಂದ್ಸಲವಾ, ಎರಡ್ಸಲವಾ? ಸರಿಯಾಗಿ ಅಲ್ಲಾಡ್ಸಿ," ಎಂದು ಇನ್ನೊಂದು ಹಿಡಿ ಮಣ್ಣು ತೆಗೆದುಕೊಂಡೆ.