ಬೂದಿ ಕೋಳಿಯ ಬಾಣಂತನ

ಕಲ್ಲೂರಿನಲ್ಲಿ ಅರ್ಧಕ್ಕರ್ಧ ಮಂದಿ ಕೂಸಾಗಿದ್ದಾಗ ಮಾನಮ್ಮನ ಕಾಲ ಮೇಲೆ ಬೋರಲು ಮಲಗಿ ನೀರು ಎರೆಸಿಕೊಂಡವರೇ. ಈಗ ಮೀಸೆ ತಿರುವಿ ಟ್ರ್ಯಾಕ್ಟರ್ ಓಡಿಸುವವರೂ ಆಕೆ ಎದುರಾದರೆ ತುಸು ತಗ್ಗುತ್ತಾರೆ. ತಮ್ಮ ಅಂಡು ತೊಳೆದವಳ ಮುಂದೆ ಎಷ್ಟಂತ ಜಂಬ ಮಾಡಲಾದೀತು? ಆದರೆ ಇತ್ತೀಚೆಗೆ ಆಕೆಯನ್ನು ಕರೆಯುವವರು ಕಡಿಮೆಯಾಗಿದ್ದರು. ಹೆರಿಗೆಯೆಲ್ಲ ದವಾಖಾನೆಯಲ್ಲಿ, ಎರೆದ ಮೇಲೆ ಕೂಸಿಗೆ ಹೊಗೆ ಹಾಕಬೇಡಿ ಎಂದು ಆಶಾ ಕಾರ್ಯಕರ್ತೆ ಬೇರೆ ಮನೆಮನೆಗೆ ಹೇಳಿ ಹೋಗಿದ್ದಳು. ಮಾನಮ್ಮನಿಗೆ ಉಳಿದಿದ್ದ ಆಸೆ ಒಂದೇ. ಸೊಸೆ ಸುಮಂಗಲಾ ಬಸುರಿಯಾಗಿದ್ದಳು, ಆ ಕೂಸಿಗೆ ತಾನೇ ಎರೆಯಬೇಕು.

ಸುಮಂಗಲಾಗೆ ತಾಯಿ ಇಲ್ಲ. ರಾಯಚೂರಿನಲ್ಲಿರುವ ಅಕ್ಕ ಮೌನೇಶ್ವರಿ, ಬಾಣಂತನಕ್ಕೆ ತನ್ನ ಮನೆಗೇ ಬಾ ಎಂದು ದಿನಾ ಫೋನ್ ಮಾಡುತ್ತಿದ್ದಳು. ಸುಮಂಗಲಾ ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. ಅವಳ ಗಂಡ ಗೌತಮ ಜಾಲಹಳ್ಳಿಯಲ್ಲಿ ಮೇಷ್ಟ್ರು, ವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಾನೆ. ಅತ್ತೆ ಸೊಸೆಯರ ನಡುವೆ ತಲೆ ಹಾಕದಷ್ಟು ಜಾಣ. ಹೀಗಾಗಿ ಮಾತು ಅಲ್ಲಿಗೇ ನಿಂತಿತ್ತು. ಮಾನಮ್ಮ ಬಾಯಿ ಬಿಟ್ಟು ಇರು ಅನ್ನಲಿಲ್ಲ. ಮಂದಿ ತಾವಾಗಿ ಕರೆದಲ್ಲಿಗೆ ಹೋಗಿ ರೂಢಿಯಾದವಳು, ಸೊಸೆಯ ಮುಂದೆ ಸೆರಗೊಡ್ಡುವುದು ಹೇಗೆ?

ಅಷ್ಟರಲ್ಲಿ ಬೂದಿ ಬಣ್ಣದ ಕೋಳಿಗೆ ಮುಂಗುಸಿ ಬಾಯಿ ಹಾಕಿತು. ಬಾಣಂತಿಗೆ ಜವಾರಿ ತತ್ತಿ ಇರಲಿ ಎಂದು ಮಾನಮ್ಮ ಸಾಕಿದ್ದ ಕೋಳಿ ಅದು. ಹಿತ್ತಲಿನ ಹತ್ತಿಕಟ್ಟಿಗೆಯ ಒಟ್ಟಿಲಿನಿಂದ ಮುಂಗುಸಿ ನುಗ್ಗಿ ಬಂದದ್ದನ್ನು ನೋಡಿದವಳು ಸುಮಂಗಲಾ. ಅವಳು ಕಿರುಚಿದ್ದಕ್ಕೆ ಅದು ಕೋಳಿಯನ್ನು ಬಿಟ್ಟು ಓಡಿತು. ಕೋಳಿಯ ಬೆನ್ನಿನ ಚರ್ಮ ಹರಿದು ಒಳಗಿನ ಮಾಂಸ ಕಾಣುತ್ತಿತ್ತು.

“ಅತ್ತೀ, ಸತ್ತೇ ಹೋಗ್ತದೇನ್ರೀ ಇದು?”

“ಸಾಯಾಕ ನಾ ಎಲ್ಲಿ ಹೋಗೀನಿ? ಹಿಡಕೋ ಬೇ, ರೆಕ್ಕಿ ಬಡಿಲಾರದಂಗ ಹಿಡಕೋ.”

ಸುಮಂಗಲಾ ಕೋಳಿಯನ್ನು ಸೆರಗಿನಲ್ಲಿ ಸುತ್ತಿ ಹಿಡಿದಳು. ಮಾನಮ್ಮ ಗಾಯದ ಸುತ್ತ ಪುಕ್ಕ ಕಿತ್ತಳು. ಕಾಯಿಸಿ ಆರಿಸಿದ ಉಪ್ಪುನೀರನ್ನು ಹನಿಹನಿಯಾಗಿ ಬಿಟ್ಟು ಮಣ್ಣು ತೊಳೆದಳು. ಅರಿಶಿಣ ಹಚ್ಚಿದಳು. ಉಳಿದ ಕೋಳಿಗಳು ಗಾಯ ಕುಕ್ಕದಂತೆ ಇದೊಂದನ್ನೇ ಅಡುಗೆಮನೆಯ ಮೂಲೆಯಲ್ಲಿ ಬುಟ್ಟಿಯ ಕೆಳಗೆ ಇಟ್ಟಳು. ಒಂದೂ ತಪ್ಪಲಿಲ್ಲ, ಎಲ್ಲವನ್ನೂ ಸರಿಯಾಗಿಯೇ ಮಾಡಿದಳು.

ಕೋಳಿ ಮೊದಲು ಕಣ್ಣೇ ಬಿಡಲಿಲ್ಲ. ಆಮೇಲೆ ಸುಮಂಗಲಾಳ ಅಂಗೈಯಿಂದ ನೀರು ಕುಡಿಯಿತು. ಇನ್ನೆರಡು ದಿನ ಕಳೆದ ಮೇಲೆ ಜೋಳದ ನುಚ್ಚು ಕುಕ್ಕಿ, ಎದ್ದು ನಿಂತು, ಮಾನಮ್ಮನ ಕಾಲುಂಗುರವನ್ನೂ ಒಂದು ಸಲ ಕುಕ್ಕಿ ನೋಡಿತು. ಸುಮಂಗಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ನಿಮ್ಮ ಕೈಯಾಗ ಏನೋ ಅದರೀ ಅತ್ತಿ. ನಾ ಇಲ್ಲೇ ಇರ್ತೀನಿ ಅಂತ ಅಕ್ಕಗ ಹೇಳಿಬಿಡ್ತೀನಿ.”

ಮಾನಮ್ಮ ಒಲೆಯ ಕಡೆ ತಿರುಗಿಕೊಂಡಳು. ಇಷ್ಟು ಖುಷಿಯಾದದ್ದು ಸೊಸೆಗೆ ಗೊತ್ತಾಗುವುದು ಆಕೆಗೆ ಬೇಕಿರಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಖುಷಿಯಾದವರ ಕೈ ಸುಮ್ಮನಿರುವುದಿಲ್ಲ, ಅದೇ ಎಡವಟ್ಟಾಯಿತು ನೋಡಿ. ಮರುದಿನ ಬೆಳಿಗ್ಗೆ ಮೋಡ ಕವಿದು ತಣ್ಣನೆ ಗಾಳಿ ಬೀಸುತ್ತಿತ್ತು. ಹಸಿಮೈಯ ಜೀವ, ಗಾಳಿ ಹೊಕ್ಕರೆ ಕಷ್ಟ ಎಂದು ಮಾನಮ್ಮನಿಗೆ ಅನ್ನಿಸಿತು. ಬಾಣಂತಿಗಾದರೆ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಹಂಚಿನ ಚೂರಿನಲ್ಲಿ ಕೆಂಡ ತಂದು, ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಚಿಟಿಕೆ ಲೋಬಾನ ಉದುರಿಸಿ ಬುಟ್ಟಿಯೊಳಗೆ ಸರಿಸಿದಳು. ಬುಟ್ಟಿಯ ಮೇಲೆ ಕೌದಿ ಹೊದಿಸಿದಳು.

“ಅತ್ತೀ, ಕೋಳಿಗಿ ಯಾಕ್ರೀ ಹೊಗಿ? ಬ್ಯಾಡ್ರೀ.”

“ಎಷ್ಟು ಮಂದಿ ಬಾಣಂತೇರ್ನ ಎಬ್ಬಿಸಿ ಕೂಡಿಸೀನಿ ನಾ. ಸುಮ್ನಿರು.”

ಒಳಗೆ ಕೋಳಿ ಕೆಮ್ಮಿದಂತೆ ಸದ್ದು ಮಾಡಿತು. ರೆಕ್ಕೆ ಬಡಿಯಿತು.

“ಅತ್ತೀ, ತೆಗೀರಿ. ಒದ್ದಾಡಾಕತ್ತದ.”

“ಒಳಗಿನ ಗಾಳಿ ಹೊರಗ ಬರಾಕತ್ತದ. ಕೂಸುಗಳೂ ಹಿಂಗೇ ಮಾಡ್ತಾವ, ಆಮ್ಯಾಲ ಹೆಂಗ ಮಕ್ಕೋತಾವ ಗೊತ್ತದೇನು? ಎರಡು ತಾಸು ಏಳಂಗಿಲ್ಲ.”

ಸುಮಂಗಲಾಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗಿತ್ತು. ಅದನ್ನು ಮಾನಮ್ಮ ನೋಡಿದಳು, ನೋಡಿಯೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಬುಟ್ಟಿಯೊಳಗಿನ ಸದ್ದು ನಿಂತಿತು.

“ನೋಡಿದೇನು? ಮಕ್ಕೊಂತು,” ಎಂದು ಕೌದಿ ತೆಗೆದಳು.

ಹೊಗೆ ಚದುರಿದ ಮೇಲೆ ಕೋಳಿ ಕಂಡಿತು. ಕೆಂಡದಿಂದ ದೂರ ಸರಿದು, ಬುಟ್ಟಿಯ ಅಂಚಿನ ಸಂದಿಗೆ ಕೊಕ್ಕು ಒತ್ತಿಕೊಂಡು ಸತ್ತಿತ್ತು. ಬೆನ್ನ ಮೇಲಿನ ಗಾಯ ಚೆನ್ನಾಗಿ ಒಣಗಿತ್ತು.

ಮಾನಮ್ಮ ಅದರ ಕತ್ತು ಎತ್ತಿ ನೋಡಿದಳು, ಕೊಕ್ಕು ಬಿಡಿಸಿ ಊದಿದಳು, ನೀರು ಚಿಮುಕಿಸಿದಳು. ಗೋಡೆಯಾಚೆಯ ನೆರೆಯಾಕೆ ಇಣುಕಿ, “ಯವ್ವಾ, ಇನ್ನೂ ಬೆಚ್ಚಗದಲ್ಲ, ಕೊಯ್ದು ಸಾರು ಮಾಡೋದಲ್ಲೇನು?” ಅಂದಳು. ಮಾನಮ್ಮ ಹಿತ್ತಲಿಗೆ ಹೋಗಿ ಸಲಿಕೆ ಹಿಡಿದಳು. ತಗ್ಗು ತೋಡುವಾಗ ಆಕೆಗೆ ತಾನು ಎರೆದ ಕೂಸುಗಳ ಮುಖಗಳು ನೆನಪಾದವು, ಹೊಗೆಯಲ್ಲಿ ಕೆಂಪಾಗಿ, ಬಾಯಿ ತೆರೆದು ಅಳುತ್ತಿದ್ದ ಮುಖಗಳು. ಎಲ್ಲರೂ ಬೆಳೆದು ದೊಡ್ಡವರಾಗಿದ್ದಾರೆ ಎಂದು ಸಮಾಧಾನ ಹೇಳಿಕೊಂಡಳು. ಎಲ್ಲರೂ ಅಲ್ಲ ಎಂಬುದು ಆಕೆಗೆ ಗೊತ್ತಿತ್ತು. ಹೋದವುಗಳದ್ದೆಲ್ಲ ದೇವರ ಇಚ್ಛೆ ಎಂದು ಆಗ ಊರೇ ಹೇಳಿತ್ತು, ತಾನೂ ಹೇಳಿದ್ದಳು. ಕೋಳಿಯನ್ನು ತಗ್ಗಿನಲ್ಲಿಟ್ಟು ಮಣ್ಣು ಎಳೆದಳು.

ಸುಮಂಗಲಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೈ ತೊಳೆಯಲು ನೀರು ತಂದು ಹಾಕಿದಳು, ಊಟಕ್ಕೆ ಬಡಿಸಿದಳು, ಕೋಳಿಯ ಮಾತೇ ಎತ್ತಲಿಲ್ಲ. ಮಧ್ಯಾಹ್ನ ಅಕ್ಕನ ಫೋನ್ ಬಂದಾಗ ಎದ್ದು ಅಂಗಳಕ್ಕೆ ಹೋದಳು. ಈ ಮನೆಗೆ ಬಂದಾಗಿನಿಂದ ಅತ್ತೆಯ ಎದುರೇ ಮಾತಾಡುತ್ತಿದ್ದವಳು.

ಅವಳು ಒಳಗೆ ಬಂದ ಮೇಲೆ ಮಾನಮ್ಮ ಗೋಡೆ ನೋಡುತ್ತ ಹೇಳಿದಳು, “ಸುಮಂಗಲಾ, ನೀ ನಿಮ್ಮಕ್ಕನ ಮನಿಗೇ ಹೋಗವ್ವಾ. ರಾಯಚೂರಾಗ ದವಾಖಾನಿ ಹತ್ರ ಆಗ್ತದ. ಇಲ್ಲಿ ನನಗೂ ಕೈಲಾಗಂಗಿಲ್ಲ.”

ಹೇಳಿ ಕಾದಳು. ಹಂಗ್ಯಾಕಂತೀರಿ ಅತ್ತಿ, ನೀವಿರುವಾಗ ಅಲ್ಲಿಗ್ಯಾಕ ಹೋಗಲಿ ಅನ್ನಬಹುದು ಎಂದು, ಇಷ್ಟಾದ ಮೇಲೂ, ಕಾದಳು.

“ಹೂಂ ರೀ ಅತ್ತಿ,” ಅಂದಳು ಸುಮಂಗಲಾ. ಅಂದಾಗ ಅವಳು ಬಿಟ್ಟ ನಿರಾಳದ ಉಸಿರು ಮಾನಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು. ಅತ್ತೆಯ ಮುಖ ನೋಡಿ ಸೊಸೆಗೆ ಏನನ್ನಿಸಿತೋ, ಹತ್ತಿರ ಬಂದು ಕೂತು ಮಾನಮ್ಮನ ಕೈ ಹಿಡಿದಳು.

“ಕೂಸು ಹುಟ್ಟಿದ ಮ್ಯಾಲ ನೀವು ಬರಬೇಕ್ರೀ ಮತ್ತ. ನೋಡಾಕ.”

“ನೋಡಾಕ ಬರ್ತೀನವ್ವಾ,” ಅಂದಳು ಮಾನಮ್ಮ.