ತಾಜಿರ್ ಅನ್ನಿಸಿಕೊಂಡ ದಿನ

ಅಲೆಪ್ಪೊದ ನಮ್ಮ ಬಟ್ಟೆಪೇಟೆಯಲ್ಲಿ ಅಂಗಡಿ ತೆರೆದವರನ್ನೆಲ್ಲ ತಾಜಿರ್ ಎನ್ನುವುದಿಲ್ಲ. ನಿಘಂಟಿನವರು ಆ ಪದಕ್ಕೆ ‘ವರ್ತಕ’ ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಅವರೇನು ಈ ಓಣಿಯಲ್ಲಿ ಬಟ್ಟೆ ಹರಿದವರೇ? ಪಕ್ಕದವನ ಒಲೆಯೂ ಉರಿಯಲಿ ಎನ್ನುವವನಷ್ಟೇ ನಮಗೆ ತಾಜಿರ್. ಪೇಟೆಯ ಹಿರಿಯರಾದ ಹಾಜಿ ರಾಗಿಬ್ ಒಮ್ಮೆ ಹಾಗೆ ಕರೆದರೆ ಆಮೇಲೆ ಎಲ್ಲರೂ ಕರೆಯುತ್ತಾರೆ.

ನಜೀಹನಿಗೆ ಆ ಹೆಸರು ಬೇಕೇಬೇಕಾಗಿತ್ತು. ಅವನ ಮಗಳು ಲಮೀಸಳನ್ನು ಕೇಳಿಕೊಂಡು ಬಂದವರು, “ಹುಡುಗಿ ಅಪ್ಪ ತಾಜಿರೋ, ಬರೀ ಅಂಗಡಿಯವನೋ?” ಎಂದು ಹಾಜಿಯವರನ್ನೇ ವಿಚಾರಿಸಿದ್ದರು. “ನೋಡಿ ಹೇಳ್ತೀನಿ” ಎಂದಿದ್ದರು ಹಾಜಿ.

ಬೆಳಿಗ್ಗೆ ನಾವೆಲ್ಲ ಅಂಗಡಿ ಮುಂದೆ ಒಂದೊಂದು ಕುರ್ಚಿ ಇಡುತ್ತೇವೆ. ಬೋಣಿಯಾದವನು ಅದನ್ನು ಒಳಗಿಟ್ಟು, ಮುಂದಿನ ಗಿರಾಕಿಯನ್ನು ಇನ್ನೂ ಕುರ್ಚಿ ಹೊರಗಿರುವವನ ಹತ್ತಿರ ಕಳಿಸಬೇಕು. ಅಂದು ಓಣಿಯಲ್ಲಿ ಯಾರೂ ಇಲ್ಲದಾಗಲೇ ನಜೀಹನಿಗೆ ಬೋಣಿಯಾಯಿತು. ಕುರ್ಚಿಗೆ ಕೈ ಹಾಕಿದವನು, ಇನ್ನೊಬ್ಬ ಗಿರಾಕಿ ಬರಲಿ ಎಂದು ಸುಮ್ಮನೆ ಬಿಟ್ಟ. ಆಸೆ ಕೆಟ್ಟದ್ದು.

ಎದುರಂಗಡಿಯ ಮುದುಕ ಇದ್ರೀಸನಿಗೆ ಮಧ್ಯಾಹ್ನ ಒಂದು ಕರವಸ್ತ್ರ ಮಾರಿ ಬೋಣಿಯಾಯಿತು. ಆತ ಕುರ್ಚಿ ಒಳಗಿಡುವಷ್ಟರಲ್ಲಿ ಮದುವೆ ಜವಳಿಗೆಂದು ದೊಡ್ಡ ಕುಟುಂಬವೊಂದು ಅವನ ಅಂಗಡಿಗೇ ಬಂತು.

“ನಂಗೆ ಬೋಣಿ ಆಯ್ತು ತಾಯಿ. ಅಗೋ, ಅವನು ಪಾಪ ಬೆಳಿಗ್ಗೆಯಿಂದ ಹಾಗೇ ಕೂತಿದಾನೆ. ಅಲ್ಲಿಗೆ ಹೋಗಿ.”

ನಜೀಹನಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ತಲೆ ತಗ್ಗಿಸಿಕೊಂಡು ರೇಷ್ಮೆ ಅಳೆದುಕೊಟ್ಟ.

ಅವರು ಹೋದ ಮೇಲೆ ಇದ್ರೀಸನೇ ಹಾಜಿಯವರನ್ನು ಕರೆತಂದ. “ಮಧ್ಯಾಹ್ನದವರೆಗೆ ಬೋಣಿ ಇಲ್ಲ, ಆದ್ರೂ ಮುಖ ಸಿಂಡರಿಸಲಿಲ್ಲ, ಒಬ್ಬರನ್ನೂ ಕೂಗಿ ಕರೀಲಿಲ್ಲ. ಇವನು ತಾಜಿರ್ ಅಲ್ದೆ ಇನ್ಯಾರು ಹಾಜಿ?”

“ನಂಗೂ ಹಾಗೇ ಅನ್ನಿಸ್ತು,” ಎಂದರು ಹಾಜಿ. “ತಾಜಿರ್ ನಜೀಹ್, ಮಗಳ ಮದುವೆ ಮಾತು ಮುಗೀತು ಅಂತ ತಿಳ್ಕೋ.”

“ಬೇಡ ಹಾಜಿ, ನಾನು ಅದಕ್ಕೆ ಲಾಯಕ್ಕಲ್ಲ.”

“ಕೇಳಿದ್ರಾ, ಎಂಥಾ ವಿನಯ!” ಎಂದು ಇದ್ರೀಸ್ ಅವನನ್ನು ಅಪ್ಪಿಕೊಂಡ. ಓಣಿಯೆಲ್ಲ ನಕ್ಕಿತು. “ಬೆಳಿಗ್ಗೆ ನಂಗೆ...” ಎಂದು ನಜೀಹ್ ಶುರುಮಾಡಿದ. ಆ ಗದ್ದಲದಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಹೇಳಬಹುದಿತ್ತು, ಅವನು ಹೇಳಲಿಲ್ಲ.

ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಲಮೀಸ್ ಬಾಗಿಲಲ್ಲೇ ಕೈಕಟ್ಟಿ ಬಾಗಿ, “ತಾಜಿರ್ ಸಾಹೇಬ್ರು ಊಟಕ್ಕೆ ದಯಮಾಡಿಸ್ಬೇಕು!” ಎಂದು ಕಿಲಕಿಲ ನಕ್ಕಳು. ನಜೀಹನಿಗೆ ತಡೆಯಲಾಗಲಿಲ್ಲ, ಅಳು ಬಂದುಬಿಟ್ಟಿತು.

“ಅಯ್ಯೋ, ಮಗಳು ಹೊರಟುಹೋಗ್ತಾಳೆ ಅಂತ ಈಗ್ಲೇ ಅಳೋದಾ?” ಎಂದಳು ಹೆಂಡತಿ.

ನಜೀಹ್ ಹೌದೆಂದು ತಲೆಯಾಡಿಸಿದ.